ಶಾಂತವ್ವನ ಎರಡು ಜೈಲು

ಕಾರಾಗೃಹ ಇಲಾಖೆಗೆ ಹೊಸದಾಗಿ ಆಯ್ಕೆಯಾದ ಇಬ್ಬರು ಹುಡುಗಿಯರು ಹೋದ ತಿಂಗಳು ಶಿರಸಿಯಲ್ಲಿ ನನ್ನ ಮನೆ ಹುಡುಕಿಕೊಂಡು ಬಂದಿದ್ದರು. ಒಬ್ಬಳು ಸಿದ್ದಾಪುರದವಳು, ಇನ್ನೊಬ್ಬಳು ಯಲ್ಲಾಪುರದವಳು. ಚಹಾ ಮುಗಿಯುವ ಮೊದಲೇ ವಿಷಯಕ್ಕೆ ಬಂದರು. "ಮೇಡಂ, ಸಬ್ ಜೈಲಿಗೆ ಹಾಕಿಸ್ಕೊಂಡ್ರೆ ಒಳ್ಳೇದಾ, ಸೆಂಟ್ರಲ್ ಜೈಲಿಗಾ?"

ಅವರು ಕೇಳಿದ್ದು ಕ್ವಾರ್ಟರ್ಸ್, ರಜೆ, ಪಾಳಿ ಇವುಗಳ ಬಗ್ಗೆ. ನಾನೂ ಅಷ್ಟಕ್ಕೇ ಉತ್ತರ ಹೇಳಿ ಕಳಿಸಿದೆ. ಅವರು ಗೇಟು ದಾಟಿದ ಮೇಲೆ ನನಗೇ ಸಮಾಧಾನವಾಗಲಿಲ್ಲ. ಎರಡೂ ಕಡೆ ಕೆಲಸ ಮಾಡಿದವಳು ನಾನು. ಯಾವುದು ಒಳ್ಳೆಯದು ಎಂಬ ಪ್ರಶ್ನೆಯನ್ನು ಬೀಗದ ಕೈ ಹಿಡಿದವರ ಕಡೆಯಿಂದ ಕೇಳಿದರೆ ಒಂದು ಉತ್ತರ, ಬೀಗದ ಒಳಗಿರುವವರ ಕಡೆಯಿಂದ ಕೇಳಿದರೆ ಬೇರೆಯೇ ಉತ್ತರ. ಆ ಎರಡನೆಯದನ್ನು ನನಗೆ ಕಲಿಸಿದವಳು ಶಾಂತವ್ವ. ಅವಳ ಕಥೆಯನ್ನು ಹೇಳಿಬಿಟ್ಟರೆ ಆ ಹುಡುಗಿಯರಿಗೆ ಹೇಳಬೇಕಾಗಿದ್ದೆಲ್ಲ ಅದರಲ್ಲೇ ಬರುತ್ತದೆ. ಹೆಸರುಗಳನ್ನು ಬದಲಾಯಿಸಿದ್ದೇನೆ.

ನಾನು ಹುಲಗೋಳದ ಕಡೆಯವಳು. ಕೆಲಸಕ್ಕೆ ಸೇರಿ ಕೆಲವು ವರ್ಷಗಳಾದ ಮೇಲೆ ಘಟ್ಟದ ಮೇಲಿನ ಒಂದು ಸಬ್ ಜೈಲಿಗೆ ವಾರ್ಡರ್ ಆಗಿ ಬಂದೆ. ಜೈಲು ಎಂದರೆ ಜನ ಊಹಿಸುವಂಥದ್ದಲ್ಲ ಅದು. ಕೆಂಪು ಕಲ್ಲಿನ ಗೋಡೆ, ಹಂಚಿನ ಮಾಡು, ಗಂಡಸರಿಗೆ ಕೆಲವು ಕೋಣೆ. ಹಿಂದುಗಡೆ ಬೇರೆ ಅಂಗಳವಿದ್ದ ಒಂದೇ ಒಂದು ಕೋಣೆ ಹೆಂಗಸರಿಗೆ. ಶಿಕ್ಷೆಯಾದವರು ಅಲ್ಲಿರುವುದಿಲ್ಲ. ಕೇಸು ಇನ್ನೂ ನಡೆಯುತ್ತಿರುವವರು, ಜಾಮೀನು ಸಿಗದವರು, ಸಿಕ್ಕರೂ ಜಾಮೀನಿಗೆ ಜನ ಸಿಗದವರು. ಹೆಂಗಸರು ಬರುವುದೇ ಅಪರೂಪ. ಬಂದರೆ ಅವರಿಗೂ ನಾನೊಬ್ಬಳೇ, ನನಗೂ ಅವರೇ. ನನ್ನನ್ನು ಎಲ್ಲರೂ ಶಾಲೆ ಟೀಚರನ್ನು ಕರೆದ ಹಾಗೆ 'ಅಕ್ಕೋರೆ' ಎನ್ನುತ್ತಿದ್ದರು.

ಒಮ್ಮೆ ಯಲ್ಲಾಪುರದ ಕಡೆಯ ಹೆಗಡೆಯವರ ಮನೆಯ ಹೆಂಗಸೊಬ್ಬರು ಜಮೀನಿನ ಗಲಾಟೆಯೊಂದರಲ್ಲಿ ನಾಲ್ಕು ದಿನದ ಮಟ್ಟಿಗೆ ಬಂದಿದ್ದರು. ಮೊದಲ ದಿನ ಅತ್ತರು. ಎರಡನೆಯ ದಿನ ತಟ್ಟೆ ಮುಂದಿಟ್ಟಾಗ ಕಣ್ಣೊರೆಸಿಕೊಂಡು, "ಎಂತಾ ಸಾರೇ ಇದು ಅಕ್ಕೋರೆ! ಉಪ್ಪಿಲ್ಲೆ, ಹುಳಿಯಿಲ್ಲೆ. ಒಂದು ಒಗ್ಗರಣೆ ಸೌಟು ಕೊಡಿ, ಆನೇ ಮಾಡ್ತೆ" ಎಂದು ತಾವೇ ಮಾಡಲು ಮುಂದಾದರು. ಜೈಲರ್ ನಾಯ್ಕ ಸಾಹೇಬರು ಒಪ್ಪಿದರು. ಉಳಿದ ದಿನ ಇಡೀ ಜೈಲಿಗೆ ಅವರದೇ ಸಾರು. ಜಾಮೀನು ಸಿಕ್ಕಿ ಅವರು ಹೊರಟಾಗ ಗಂಡಸರ ಕಡೆಯಿಂದ "ಅಮ್ಮಾ, ಮತ್ತೆ ಬನ್ನಿ" ಎಂದು ಯಾರೋ ಕೂಗಿದರು. ಸಣ್ಣ ಜೈಲಿನಲ್ಲಿ ಹೀಗೆಲ್ಲ ಆಗುತ್ತದೆ. ಅಲ್ಲಿ ನಿಯಮಕ್ಕಿಂತ ಮುಖ ಹತ್ತಿರ.

ಅವರು ಹೋದ ಸ್ವಲ್ಪ ದಿನಕ್ಕೆ ಶಾಂತವ್ವ ಬಂದಳು. ಬನವಾಸಿ ಕಡೆಯ ಒಕ್ಕಲುತನದ ಮನೆಯ ಕಿರಿಯ ಸೊಸೆ. ಮೂವತ್ತು ದಾಟಿರಲಿಲ್ಲ, ಮಕ್ಕಳಿರಲಿಲ್ಲ. ಹಿರಿಯ ಸೊಸೆ ರತ್ನವ್ವನಿಗೂ ಇವಳಿಗೂ ಒಂದು ಬೆಳಿಗ್ಗೆ ಎಮ್ಮೆಗೆ ಹಿಂಡಿ ಇಡುವ ಸರದಿ ಯಾರದು ಎಂಬುದಕ್ಕೆ ಮಾತು ಬೆಳೆದಿದೆ. ಶಾಂತವ್ವ ಸಿಟ್ಟಿನಲ್ಲಿ ದಬ್ಬಿದ್ದಾಳೆ. ರತ್ನವ್ವ ದನಕ್ಕೆ ನೀರಿಡುವ ಕಲ್ಲಿನ ಬಾನಿಯ ಅಂಚಿಗೆ ಬಿದ್ದವಳು ಏಳಲೇ ಇಲ್ಲ. ರತ್ನವ್ವನ ಒಬ್ಬಳೇ ಮಗಳು ಸುಮಾ ಆ ಹೊತ್ತಿಗೆ ಶಾಲೆಯಲ್ಲಿದ್ದಳು. ಏಳು ವರ್ಷದ ಮಗು. ಹೆತ್ತವಳು ರತ್ನವ್ವನಾದರೂ ಅದಕ್ಕೆ ಉಣಿಸಿ, ಜಡೆ ಹಾಕಿ ಶಾಲೆಗೆ ಕಳಿಸುತ್ತಿದ್ದವಳು ಅದು 'ಚಿಗವ್ವ' ಎಂದು ಕರೆಯುತ್ತಿದ್ದ ಚಿಕ್ಕಮ್ಮ ಶಾಂತವ್ವ.

ಮೊದಲ ವಾರವನ್ನು ಅವಳು ಗೋಡೆಗೆ ಒರಗಿ ಕೂತೇ ಕಳೆದಳು. ಆಮೇಲೆ ಒಂದು ಬೆಳಿಗ್ಗೆ, "ಅಕ್ಕೋರೆ, ಏನರ ಕೆಲಸ ಕೊಡ್ರಿ" ಎಂದಳು. ವಿಚಾರಣೆಯಲ್ಲಿರುವವರಿಂದ ಕೆಲಸ ಮಾಡಿಸುವ ಹಾಗಿಲ್ಲ, ಕೊಡಲು ನಮ್ಮಲ್ಲಿ ಕೆಲಸವೂ ಇರಲಿಲ್ಲ. ಸುಮ್ಮನೆ ಕೂತರೆ ಆ ಬಾನಿಯೇ ಕಣ್ಣೆದುರು ಬರುತ್ತದೆ ಎಂದಳು. ಅಡಿಗೆಯವನಿಂದ ಒಂದು ಮೊರ ಅಕ್ಕಿ ತಂದುಕೊಟ್ಟೆ. ಕಲ್ಲು ಆರಿಸಿದಳು. ಮುಗಿದ ಮೇಲೆ ಅದೇ ಅಕ್ಕಿಯನ್ನು ಮತ್ತೆ ಮೊದಲಿನಿಂದ ಆರಿಸಿದಳು. ಸಬ್ ಜೈಲಿನ ದೊಡ್ಡ ಕಷ್ಟ ಇದು, ಹೊಸಬರು ತಿಳಿದಿರಬೇಕು. ಅಲ್ಲಿ ಹೊಡೆತ ಬಡಿತಕ್ಕಿಂತ, ಊಟ ಹಾಸಿಗೆಗಿಂತ, ಏನೂ ಮಾಡಲಿಲ್ಲದ ಹಗಲು ಜನರನ್ನು ತಿನ್ನುತ್ತದೆ.

ಆದರೆ ಆ ಜೈಲಿಗೆ ಗಿರಿಜವ್ವ ಬರುತ್ತಿದ್ದಳು.

ಗಿರಿಜವ್ವ ಈ ಇಬ್ಬರು ಸೊಸೆಯಂದಿರ ಅತ್ತೆ. ಶಾಂತವ್ವನ ಗಂಡನೂ ತವರಿನವರೂ ಒಮ್ಮೆಯೂ ಇತ್ತ ಸುಳಿಯದಿದ್ದಾಗ, ಸಂತೆಯ ದಿನದ ಬಸ್ಸಿಗೆ ಬಂದು, ಜೈಲಿನ ಗೇಟಿನಲ್ಲಿ ಚೀಟಿ ಬರೆಸಿ, ಒಳಗಿನ ಜಗಲಿಯ ಬೆಂಚಿನ ಮೇಲೆ ಕೂರುತ್ತಿದ್ದಳು. ಶಾಂತವ್ವ ಎದುರಿಗೆ ನೆಲದ ಮೇಲೆ ಕೂರುತ್ತಿದ್ದಳು. ಇಬ್ಬರೂ ಮಾತಾಡುತ್ತಿರಲಿಲ್ಲ. ಭೇಟಿಯ ಹೊತ್ತು ಮುಗಿಯಿತು ಎಂದು ನಾನು ಹೇಳಿದ ಕೂಡಲೇ ಗಿರಿಜವ್ವ ರೊಟ್ಟಿಯ ಗಂಟನ್ನು ಬೆಂಚಿನ ಮೇಲಿಟ್ಟು ಎದ್ದು ಹೋಗುತ್ತಿದ್ದಳು. ಹೀಗೇ ಒಂದು ಮಳೆಗಾಲ ಕಳೆಯಿತು.

ತಡೆಯಲಾರದೆ ಒಮ್ಮೆ ಗೇಟಿನ ಹತ್ತಿರ ಕೇಳಿದೆ. "ಅಮ್ಮಾ, ಅಷ್ಟು ದೂರದಿಂದ ಬರ್ತ್ರಿ. ಎಂತಕ್ಕೆ ಒಂದು ಮಾತೂ ಆಡೂದಿಲ್ಲ?"

ಗಿರಿಜವ್ವ ಸೆರಗು ಸರಿಮಾಡಿಕೊಂಡಳು. "ಏನ್ ಮಾತಾಡ್ಲಿ ತಂಗಿ? ಒಬ್ಬಾಕಿ ಮಣ್ಣಾಗ ಹೋದ್ಲು. ಅಕಿ ಸಂಬಂಧ ಇವಳ ಮ್ಯಾಲೆ ಹೊಟ್ಟಿ ಉರೀತೈತಿ. ಆದ್ರ ಎರಡು ಸೊಸಿ ತಂದಿದ್ದೆ, ಈಗ ಉಳದಾಕಿ ಇವಳೊಬ್ಬಾಕಿ. ಉಳದಾಕಿ ಉಂಡಾಳೋ ಇಲ್ಲೋ ನೋಡಬೇಕಲ್ಲ."

ದೀಪಾವಳಿಯ ಹಿಂದಿನ ವಾರ ಅವಳು ಬೆಂಚಿನ ಮೇಲೆ ಕೂತು ಬಹಳ ಹೊತ್ತು ಸೊಸೆಯನ್ನು ನೋಡಿದಳು. ಆಮೇಲೆ, "ತಲಿಗೆ ಎಣ್ಣಿ ಕಂಡು ಎಷ್ಟು ದಿನಾ ಆತು?" ಎಂದಳು. ಅಷ್ಟೂ ತಿಂಗಳಲ್ಲಿ ಅದೇ ಮೊದಲ ಮಾತು. ಶಾಂತವ್ವ ಮುಖ ಮುಚ್ಚಿಕೊಂಡಳು. ಮುಂದಿನ ವಾರ ಗಿರಿಜವ್ವ ಕೊಬ್ಬರಿ ಎಣ್ಣೆಯ ಸಣ್ಣ ಬಾಟಲಿ ತಂದಳು. ನಾಯ್ಕ ಸಾಹೇಬರು ಅದನ್ನು ತೆಗೆದು ಮೂಸಿ ನೋಡಿ ವಾಪಸ್ ಕೊಟ್ಟರು. ಮುದುಕಿ ಸೊಸೆಯನ್ನು ಮೊಣಕಾಲಿನ ನಡುವೆ ಕೂರಿಸಿಕೊಂಡು ಎಣ್ಣೆ ಹಚ್ಚಿ, ಸಿಕ್ಕು ಬಿಡಿಸಿ, ಜಡೆ ಹೆಣೆದಳು. ಭೇಟಿಯ ಹೊತ್ತು ಯಾವಾಗಲೋ ಮುಗಿದಿತ್ತು. ಸಾಹೇಬರು ಪೇಪರ್ ಎತ್ತಿ ಮುಖಕ್ಕೆ ಅಡ್ಡ ಹಿಡಿದುಕೊಂಡು ಕೂತಿದ್ದರು. ನಾನೂ ಗಡಿಯಾರದ ಕಡೆ ನೋಡಲಿಲ್ಲ.

ತೀರ್ಪು ಬಂತು. ಬೇಕೆಂದು ಮಾಡಿದ ಕೊಲೆಯಲ್ಲ, ಆದರೂ ಒಂದು ಜೀವ ಹೋಗಿದೆ ಎಂದು ಹತ್ತು ವರ್ಷದ ಶಿಕ್ಷೆಯಾಯಿತು. ಬಯಲುಸೀಮೆಯ ಸೆಂಟ್ರಲ್ ಜೈಲಿಗೆ ಅವಳನ್ನು ಕರೆದೊಯ್ದರು. ಮಾರನೆಯ ವರ್ಷ ನನಗೂ ಅಲ್ಲಿಗೇ ವರ್ಗವಾಯಿತು.

ಹೊಸದಾಗಿ ಹೋದಾಗ ಸೆಂಟ್ರಲ್ ಜೈಲು ನನಗೊಂದು ಊರಿನ ಹಾಗೆ ಕಂಡಿತು. ಆಸ್ಪತ್ರೆ, ಶಾಲೆ, ತಾಯಂದಿರ ಜೊತೆ ಬಂದ ಮಕ್ಕಳಿಗೆ ಅಂಗನವಾಡಿ, ಹೆಂಗಸರಿಗೆ ಹೊಲಿಗೆಯ ದೊಡ್ಡ ಹಾಲ್. ಬೆಳಿಗ್ಗೆ ಗಂಟೆ ಹೊಡೆದರೆ ಸಂಜೆಯ ಗಂಟೆಯವರೆಗೆ ಎಲ್ಲರಿಗೂ ಒಂದು ಕೆಲಸ, ಅದಕ್ಕೆ ಕೂಲಿ. ಅಲ್ಲಿನ ಸೂಪರಿಂಟೆಂಡೆಂಟ್ ಮೇಡಂ ಬಹಳ ಕಟ್ಟುನಿಟ್ಟು. ಅವರು ಬಂದರೆ ಹಾಲ್‌ನಲ್ಲಿ ಸೂಜಿ ಬಿದ್ದರೂ ಕೇಳುತ್ತಿತ್ತು. ಕತ್ತರಿಗಳನ್ನು ಮೇಜಿಗೆ ಸರಪಳಿಯಿಂದ ಕಟ್ಟಿರುತ್ತಿದ್ದರು, ಸಂಜೆ ಒಂದೊಂದನ್ನೂ ಎಣಿಸಿ ಒಳಗಿಡುತ್ತಿದ್ದರು.

ಶಾಂತವ್ವ ಅಲ್ಲಿ ಬೇರೆಯೇ ಹೆಂಗಸಾಗಿದ್ದಳು. ನನ್ನನ್ನು ನೋಡಿದವಳೇ, "ಅಕ್ಕೋರೆ, ನಂಗ ಈಗ ಹೆಸರು ಬರಿಯಾಕ ಬರ್ತೈತ್ರಿ" ಎಂದಳು. ಹೊಲಿಗೆ ಕಲಿತಿದ್ದಳು. ಮೊದಲು ಚೀಲ, ಆಮೇಲೆ ಲಂಗ, ಆಮೇಲೆ ಕತ್ತರಿಸುವ ಕೆಲಸ. ಬಟ್ಟೆ ವ್ಯರ್ಥವಾಗದಂತೆ ಗೆರೆ ಎಳೆಯುವುದರಲ್ಲಿ ಅವಳ ಸಮಕ್ಕೆ ಯಾರೂ ಇರಲಿಲ್ಲ. ಹೊಸಬರು ಬಂದರೆ ಅವಳ ಪಕ್ಕದ ಮಿಷನ್‌ಗೆ ಕೂರಿಸುತ್ತಿದ್ದರು. ಸಬ್ ಜೈಲಿನಲ್ಲಿ ಅದೇ ಅಕ್ಕಿಯನ್ನು ಎರಡು ಸಲ ಆರಿಸಿದವಳು ಇವಳೇನಾ ಎನ್ನಿಸುತ್ತಿತ್ತು. ಕೈಗೆ ಕೆಲಸ ಕೊಟ್ಟರೆ ಮನುಷ್ಯ ಎಷ್ಟು ಬದಲಾಗುತ್ತಾನೆ ಎಂಬುದನ್ನು ನಾನು ಪುಸ್ತಕದಲ್ಲಿ ಓದಿದ್ದಲ್ಲ, ಆ ಹಾಲ್‌ನಲ್ಲಿ ನೋಡಿದ್ದು.

ಆದರೆ ಅವಳನ್ನು ನೋಡಲು ಬರುವವರು ಯಾರೂ ಇರಲಿಲ್ಲ. ಸಂತೆಯ ಬಸ್ಸು ಅಷ್ಟು ದೂರ ಬರುವುದಿಲ್ಲ. ಗಂಡ ಬೇರೆ ಸಂಸಾರ ಹೂಡಿ ಹಾವೇರಿ ಕಡೆ ಹೋಗಿದ್ದ. ಗಿರಿಜವ್ವ ಒಂದೇ ಒಂದು ಸಲ, ಅಡಿಕೆ ಹೇರಿಕೊಂಡು ಹೊರಟ ಊರಿನವರ ಗಾಡಿಯಲ್ಲಿ ಕೂತು ಬಂದಳು. ದೊಡ್ಡ ಜೈಲಿನ ಭೇಟಿಯ ಕೋಣೆಯಲ್ಲಿ ನಡುವೆ ಗಾಜು, ಎರಡೂ ಕಡೆ ಫೋನು. ಮುದುಕಿಗೆ ಫೋನನ್ನು ಯಾವ ಕಿವಿಗೆ ಹಿಡಿಯಬೇಕೆಂದು ನಾನೇ ತೋರಿಸಿದೆ. ಅವಳು ಫೋನನ್ನು ಬಿಟ್ಟು ಗಾಜಿನ ಮೇಲೆ ಅಂಗೈ ಇಟ್ಟಳು. "ಇಲ್ಲಿ ಎಣ್ಣಿ ಯಾರು ಹಚ್ಚತಾರ?" ಎಂದು ಕೇಳಿದಳು. ಒಳಗಿದ್ದವಳಿಗೆ ಕೇಳಿಸಲಿಲ್ಲ. ನಾನು ಫೋನ್ ತೆಗೆದುಕೊಂಡು ಹೇಳಿದೆ. ಶಾಂತವ್ವ ನಕ್ಕು ತಲೆ ಬಗ್ಗಿಸಿ ಎಣ್ಣೆ ಹಚ್ಚಿದ ಬೈತಲೆ ತೋರಿಸಿದಳು. ಅಷ್ಟೇ ಅವರ ಭೇಟಿ.

ಕೆಲಸದ ರೀತಿಯೂ ಆ ವರ್ಷಗಳಲ್ಲೇ ಬದಲಾಯಿತು. ಮೊದಲು ಕೋರ್ಟಿನ ತಾರೀಕು ಬಂದರೆ ಪೊಲೀಸ್ ವ್ಯಾನಿನಲ್ಲಿ ಶಿರಸಿಗೋ ಯಲ್ಲಾಪುರಕ್ಕೋ ಕರೆದೊಯ್ಯುತ್ತಿದ್ದರು. ಬೆಂಗಾವಲಿಗೆ ಪೊಲೀಸರು ಸಿಗದೆ ಎಷ್ಟೋ ತಾರೀಕು ಹಾಗೇ ಮುಂದೆ ಹೋಗುತ್ತಿದ್ದವು. ಜೈಲಿನಿಂದಲೇ ವಿಡಿಯೋದಲ್ಲಿ ಜಡ್ಜರ ಮುಂದೆ ಹಾಜರುಪಡಿಸುವುದು ಬಂದ ಮೇಲೆ ಆ ತೊಂದರೆ ತಪ್ಪಿತು, ಕೇಸುಗಳು ಬೇಗ ಸಾಗಿದವು. ನಾವೆಲ್ಲ ಖುಷಿಪಟ್ಟೆವು. ಆದರೆ ಮಾಗೋಡಿನ ಕಡೆಯ ಒಬ್ಬ ಹೆಂಗಸು ಪರದೆಯ ಮುಂದೆ ಮೊದಲ ಸಲ ನಿಂತು ಬಂದು ಮಂಕಾಗಿ ಕೂತಳು. "ಎಂತಾಯ್ತೇ?" ಎಂದೆ. "ಜಡ್ಜ್ ಸಾಹೇಬ್ರು ಚಂದ ಕಂಡ್ರು ಅಕ್ಕೋರೆ. ಆದ್ರೆ ವ್ಯಾನಲ್ಲಾದ್ರೆ ಕಿರವತ್ತಿ ದಾಟ್ತಿದ್ದಂಗೆ ನಮ್ಮ ಕಾಡು ಶುರು ಆಗ್ತಿತ್ತು. ಕಿಟಕಿ ಜಾಳಿಗೆ ಮೂಗಿಟ್ಟು ಕೂತ್ಕಂತಿದ್ದೆ" ಎಂದಳು. ಯಾವ ಸುಧಾರಣೆ ಬಂದಾಗಲೂ ನನಗೆ ಆ ಮೂಗು ನೆನಪಾಗುತ್ತದೆ.

ಗಿರಿಜವ್ವ ತೀರಿಹೋದದ್ದು ನನಗೆ ತಿಳಿದದ್ದು ರಜೆಯಲ್ಲಿ ಊರಿಗೆ ಬಂದಾಗ, ಬನವಾಸಿ ಕಡೆಯ ತರಕಾರಿ ಮಾರುವವಳ ಬಾಯಿಂದ. ಆಗಲೇ ತಿಂಗಳು ಕಳೆದಿತ್ತು. ಮನೆಯವರು ಜೈಲಿಗೆ ತಿಳಿಸಿರಲಿಲ್ಲ. ಸಬ್ ಜೈಲಾಗಿದ್ದರೆ ಅದೇ ಮಧ್ಯಾಹ್ನ ಗೇಟಿಗೆ ಸುದ್ದಿ ಬರುತ್ತಿತ್ತು. ರಜೆ ಮುಗಿಸಿ ಹೋದವಳು ನೇರ ಹೊಲಿಗೆಯ ಹಾಲ್‌ಗೆ ಹೋದೆ. ಶಾಂತವ್ವ ಶಾಲೆಯ ಸಮವಸ್ತ್ರಕ್ಕೆ ತೋಳು ಕೂರಿಸುತ್ತಿದ್ದಳು. ನನ್ನ ಮುಖ ನೋಡಿ, "ಅತ್ತಿಯೇನ್ರಿ?" ಎಂದಳು. ಹೌದು ಎಂದೆ.

ಅವಳು ಹಿಡಿದ ಹೊಲಿಗೆಯನ್ನು ಕೊನೆಯವರೆಗೆ ಹಾಕಿದಳು. ದಾರ ಕತ್ತರಿಸಿದಳು. ಆಮೇಲೆ ಮಿಷನ್ ಮೇಲೆ ತಲೆಯಿಟ್ಟಳು. ಪಕ್ಕದ ಮಿಷನ್ ನಿಂತಿತು, ಅದರ ಪಕ್ಕದ್ದು ನಿಂತಿತು, ಇಡೀ ಹಾಲ್ ಸುಮ್ಮನಾಯಿತು. ಸದ್ದಡಗಿದ್ದಕ್ಕೆ ಸೂಪರಿಂಟೆಂಡೆಂಟ್ ಮೇಡಂ ದಡದಡ ಬಂದರು. ನಾನು ಕಿವಿಯಲ್ಲಿ ಹೇಳಿದೆ. ಅವರು, "ಇವತ್ತಿಗೆ ಸಾಕು. ಎಲ್ಲರೂ ಅವಳ ಜೊತೆ ಕೂತ್ಕೊಳ್ಳಿ" ಎಂದರು. ಬ್ಯಾರಕ್ಕಿನ ಬೇವಿನ ಮರದ ಕೆಳಗೆ ಆ ಹೆಂಗಸರೆಲ್ಲ ಸುತ್ತ ಕೂತರು. ಒಬ್ಬಳು ತನ್ನ ಎಣ್ಣೆಯ ಬಾಟಲಿ ತಂದು, ಏನೂ ಕೇಳದೆ ಶಾಂತವ್ವನ ತಲೆಗೆ ಹಚ್ಚಿದಳು.

ನಿವೃತ್ತಿ ಹತ್ತಿರವಾದಾಗ ನಾನು ಮತ್ತೆ ಸಬ್ ಜೈಲಿಗೆ ಬಂದೆ. ನಾಯ್ಕ ಸಾಹೇಬರು ಆಗ ಇರಲಿಲ್ಲ, ಬೆಂಚು ಇತ್ತು. ಸನ್ನಡತೆಯಿಂದ ಶಾಂತವ್ವನ ಶಿಕ್ಷೆ ಕಡಿತವಾಗಿ ಬಿಡುಗಡೆ ಗೊತ್ತಾಯಿತು. ಬಿಟ್ಟ ಮೇಲೆ ಅವಳು ಎಲ್ಲಿರಬೇಕು? ಮನೆಯವರನ್ನು ಕೇಳಲು ಹೊರಟ ಪ್ರೊಬೇಷನ್ ಅಧಿಕಾರಿ, ಸಿದ್ದಾಪುರದ ಹುಡುಗ, ನಾನು ತೀರಿಹೋದ ಗಿರಿಜವ್ವನನ್ನು ಬಲ್ಲವಳೆಂದು ಜೊತೆಗೆ ಕರೆದ.

ಮನೆಯಲ್ಲಿ ರತ್ನವ್ವನ ಗಂಡನಿದ್ದ. ಕೂರಲು ಚಾಪೆ ಹಾಸಿದ. ಎಲ್ಲವನ್ನೂ ಕೇಳಿ, "ನಾ ಹಗಿ ಸಾಧಿಸೂದಿಲ್ರಿ. ಅಕಿ ಎಲ್ಲರ ಚಂದ ಇರ್ಲಿ. ಆದ್ರ ದಿನಾ ಆ ಬಾನಿನೂ ನೋಡಬೇಕು, ಅಕಿನ್ನೂ ನೋಡಬೇಕು ಅಂದ್ರ ನನ್ನ ಕೈಲೆ ಆಗಂಗಿಲ್ಲ" ಎಂದ. ನಾವು ಒತ್ತಾಯ ಮಾಡಲಿಲ್ಲ. ಅವನ ದುಃಖವೂ ನಿಜವಾದದ್ದೇ. ಕೈದಿಯ ಪರವಾಗಿ ಹೋದವರು ಇದನ್ನು ಮರೆಯಬಾರದು.

ಚಹಾ ತಂದಿಟ್ಟವಳು ಸುಮಾ. ಆಗ ಕಾಲೇಜಿಗೆ ಹೋಗುತ್ತಿದ್ದಳು. ನಮ್ಮನ್ನು ಬಸ್ಸಿನವರೆಗೆ ಬಿಡಲು ಬಂದು, ದಾರಿಯಲ್ಲಿ ಕೇಳಿದಳು. "ನಮ್ಮವ್ವ ಬಿದ್ದಾಗ ಅಕಿ ಏನ್ ಮಾಡಿದ್ಲ್ರಿ? ಓಡಿ ಹೋದ್ಲೇನು? ನಂಗ ಯಾರೂ ಹೇಳೇ ಇಲ್ಲ."

"ಓಡಲಿಲ್ಲ ಮಗಾ" ಎಂದೆ. "ನಿನ್ನ ಅವ್ವನ ತಲೆ ತೊಡೆ ಮೇಲೆ ಇಟ್ಕೊಂಡು ಕೂತಿದ್ಲು. ಪೊಲೀಸರು ಬಂದು ಬಿಡಿಸೂವರೆಗೂ ಬಿಡ್ಲಿಲ್ಲ. ಕೋರ್ಟಿನಲ್ಲೂ ಇದನ್ನೇ ಹೇಳಿದ್ರು. ಉಳಿದದ್ದನ್ನ ನೀನು ಅವಳ ಬಾಯಿಂದಲೇ ಕೇಳ್ಬೇಕು."

"ನನ್ನ ಕೇಳ್ತಾಳೇನ್ರಿ?"

"ನಾನು ಸಿಕ್ಕಾಗೆಲ್ಲ ಮೊದಲು ಕೇಳೂದು ನಿನ್ನನ್ನೇ."

ಬಸ್ಸು ಬಂತು.

ಬಿಡುಗಡೆಯ ದಿನ ರಜೆ ಹಾಕಿ ನಾನೇ ಹೋಗಿ ಕರೆತಂದೆ. ಶಿರಸಿಯ ಒಂದು ಓಣಿಯಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದ ಮೇರಿಬಾಯಿಗೆ ಮೊದಲೇ ಎಲ್ಲ ಹೇಳಿದ್ದೆ. ಏನನ್ನೂ ಮುಚ್ಚಿಟ್ಟಿರಲಿಲ್ಲ. ಮೇರಿಬಾಯಿ ಶಾಂತವ್ವನ ಹೊಲಿಗೆಯನ್ನು ತಿರುಗಿಸಿ ತಿರುಗಿಸಿ ನೋಡಿ, "ಕೈ ಒಳ್ಳೇದುಂಟು. ಆದ್ರೆ ಇದು ಕತ್ತರಿ ಹಿಡಿಯೋ ಕೆಲಸ. ಒಂದು ಮಾತು ಕೇಳ್ತೆ, ಬೇಜಾರು ಮಾಡ್ಬೇಡ. ನಿಂಗೆ ಈಗಲೂ ಸಿಟ್ಟು ಬರ್ತದಾ?" ಎಂದಳು.

"ಬರ್ತೈತ್ರಿ" ಎಂದಳು ಶಾಂತವ್ವ. "ಬಂದ್ರ ಕೈಯಾಗಿಂದು ಕೆಳಗಿಟ್ಟು ಹೊರಗ ಹೋಗಿ ನಿಲ್ತೀನಿ. ಅದನ್ನ ಕಲಿಯಾಕಽ ಇಷ್ಟು ವರ್ಷ ಹಿಡೀತು."

ಮೇರಿಬಾಯಿಗೆ ಆ ಉತ್ತರ ಹಿಡಿಸಿತು. ಅಂಗಡಿಯ ಹಿಂದಿನ ಕೋಣೆಯನ್ನು ಅವಳಿಗೇ ಬಿಟ್ಟುಕೊಟ್ಟಳು. ಮೊದಮೊದಲು ಶಾಂತವ್ವನಿಗೆ ಕೆಲಸ ಸಾಗಲಿಲ್ಲ. ಅಷ್ಟೊಂದು ಮಿಷನ್‌ಗಳ ಸದ್ದಿನಲ್ಲಿ ಹೊಲಿದವಳಿಗೆ ಒಂದೇ ಮಿಷನ್ ಸದ್ದು ಕೇಳಿದರೆ ಅಂಜಿಕೆಯಾಗುತ್ತಿತ್ತಂತೆ. ಸಂಜೆ ಕತ್ತರಿಯನ್ನು ತಂದು ಮೇರಿಬಾಯಿಯ ಕೈಗೆ ಕೊಟ್ಟು ನಿಲ್ಲುತ್ತಿದ್ದಳು. "ಅಯ್ಯೋ ಮಾರಾಯ್ತಿ, ಅಲ್ಲೇ ಇಡು, ಅದೆಲ್ಲಿಗೆ ಹೋಗ್ತದೆ?" ಎಂದು ಮೇರಿಬಾಯಿ ಗದರಿಸಿದ ಮೇಲೂ ಆ ಅಭ್ಯಾಸ ಹೋಗಲು ತಿಂಗಳುಗಳೇ ಬೇಕಾದವು. ದೊಡ್ಡ ಜೈಲು ಅವಳಿಗೆ ಕೈಕಸುಬು ಕೊಟ್ಟಿತ್ತು. ಸಣ್ಣ ಜೈಲಿನ ಜಗಲಿ ಅವಳಿಗೆ ತನ್ನವರು ಎಂಬುದನ್ನು ಉಳಿಸಿಕೊಟ್ಟಿತ್ತು. ಎರಡೂ ಒಂದೇ ಕಡೆ ಸಿಗುವಂತೆ ಮಾಡಲು ನಮ್ಮ ಕಾಲದಲ್ಲಿ ನಮಗೆ ಆಗಲಿಲ್ಲ. ಮುಂದೆ ಬರುವವರು ಮಾಡಿಯಾರು.

ನಿವೃತ್ತಳಾದ ಮೇಲೆ ಒಂದು ಮಧ್ಯಾಹ್ನ ರವಿಕೆ ಹೊಲಿಸಲು ಆ ಅಂಗಡಿಗೆ ಹೋಗಿದ್ದೆ. ಮೆಟ್ಟಿಲ ಮೇಲೆ ಸುಮಾ ನಿಂತಿದ್ದಳು. ಡಿಗ್ರಿ ಓದಲು ಶಿರಸಿಗೆ ಬಂದು ಹಾಸ್ಟೆಲಿನಲ್ಲಿದ್ದಳಂತೆ. ಒಳಗೆ ಬರಲೋ ಬೇಡವೋ ಎಂಬಂತೆ ನಿಂತವಳು ನನ್ನನ್ನು ಕಂಡು ಒಳಗೆ ಬಂದಳು. ಶಾಂತವ್ವ ತಲೆಯೆತ್ತಿದಳು. ಗುರುತು ಹತ್ತಲು ತಡವಾಗಲಿಲ್ಲ. ಎದ್ದು ನಿಂತಳು, ಕಾಲ ಮೇಲಿದ್ದ ಬಟ್ಟೆ ನೆಲಕ್ಕೆ ಬಿತ್ತು.

ಸುಮಾ ಚೀಲದಿಂದ ಹಸಿರು ಸೀರೆಯೊಂದನ್ನು ತೆಗೆದು ಮೇಜಿನ ಮೇಲಿಟ್ಟಳು. "ಇದರಾಗ ನಂಗೊಂದು ಚೂಡಿದಾರ್ ಹೊಲಕೊಡಬೇಕು."

"ಇದು ರತ್ನಕ್ಕಂದು" ಎಂದಳು ಶಾಂತವ್ವ. "ಇದಕ್ಕ ಕತ್ತರಿ ಹಾಕಬ್ಯಾಡವ್ವಾ. ಹಂಗ ಇಟ್ಕೋ."

"ಪೆಟ್ಟಿಗಿಯೊಳಗ ಇಟ್ಟು ಇಟ್ಟು ಮಡಿಕಿಯೊಳಗಽ ಹರೀಲಿಕತ್ತೈತಿ. ಅಜ್ಜಿ ಸಾಯೂಮುಂದ ಹೇಳಿದ್ಲು, ಆ ಹುಡುಗಿ ಕೈಯಾಗ ಉಂಡು ಬೆಳದಾಕಿ ನೀ, ಒಮ್ಮಿ ಹೋಗಿ ನೋಡು ಅಂತ. ನಂಗ ಬರಾಕ ಇಷ್ಟು ದಿನಾ ಹಿಡೀತು." ಸುಮಾ ಬೆನ್ನು ತಿರುಗಿಸಿ ನಿಂತಳು. "ಅಳತಿ ತಗೋ."

ಶಾಂತವ್ವ ಟೇಪನ್ನು ಹುಡುಗಿಯ ಹೆಗಲಿನ ಮೇಲಿಟ್ಟಳು. ಟೇಪು ಎರಡು ಸಲ ಜಾರಿತು. ಮೇರಿಬಾಯಿ "ನಾನು ತಗೊಳ್ಳಲಾ?" ಎಂದಳು. "ಬ್ಯಾಡ್ರಿ, ನಾನಽ ತಗೋತೀನಿ" ಎಂದು ಶಾಂತವ್ವ ಕಣ್ಣೊರೆಸಿಕೊಂಡು ಮತ್ತೆ ಹಿಡಿದಳು.

ಮುಂದಿನ ವಾರ ನಾನು ರವಿಕೆ ತರಲು ಹೋದ ಹೊತ್ತಿಗೇ ಸುಮಾ ಒಳಕೋಣೆಯಿಂದ ಹಸಿರು ಚೂಡಿದಾರ್ ತೊಟ್ಟು ಹೊರಬಂದಳು. ಕನ್ನಡಿಯ ಮುಂದೆ ನಿಂತು ತೋಳು ಎತ್ತಿ ಇಳಿಸಿ ನೋಡಿದಳು. "ಹೆಗಲಿಗೆ ಸಡ್ಲ ಆಗೇತಿ. ತೋಳೂ ಉದ್ದ."

"ನೀ ಬೆಳೀತೀ ಅಂತ ಬಿಟ್ಟೀನಿ" ಎಂದಳು ಶಾಂತವ್ವ.

ಸುಮಾ ಕನ್ನಡಿಯೊಳಗಿಂದಲೇ ಅವಳನ್ನು ನೋಡಿದಳು. ಅವಳಿಗೆ ನಗು ಬಂತು. "ಚಿಗವ್ವಾ, ನಾ ಈಗ ಕಾಲೇಜಿಗೆ ಹೋಗ್ತೀನಿ. ಇನ್ನೆಷ್ಟು ಬೆಳೀಲಿ?"

ಶಾಂತವ್ವ ತನ್ನ ಹಣೆಗೆ ತಾನೇ ತಟ್ಟಿಕೊಂಡಳು. ಸೂಜಿಗೆ ದಾರ ಪೋಣಿಸಿ, ಸುಮಾಳನ್ನು ಬೆಳಕಿಗೆ ತಿರುಗಿಸಿ ನಿಲ್ಲಿಸಿ, ಹೆಗಲಿನ ಹೊಲಿಗೆಯನ್ನು ಒಳಗೆ ಹಿಡಿದು ಗುರುತು ಹಾಕತೊಡಗಿದಳು.